ಕಪ್ಪುಕುಳಿಯ ದನಿ ಕಂಡುಹಿಡಿದ ಕನ್ನಡಿಗ

ಬೆಳಕನ್ನೂ ಹೊರಬಿಡದ ವಸ್ತುವೊಂದು ಅಲ್ಲಿದೆ ಎಂದು ತಿಳಿಯುವುದು ಹೇಗೆ? 1960ರ ದಶಕದ ಕೊನೆಯಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 1938ರಲ್ಲಿ ಹುಟ್ಟಿದ ಅವರು ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಪಿಎಚ್‌.ಡಿ. ಮಾಡಿದ್ದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚಾರ್ಲ್ಸ್ ಮಿಸ್ನರ್ ಅವರ ಬಳಿ.

ಅಂಥ ವಸ್ತುವೇ ಕಪ್ಪುಕುಳಿ. ಅದು ಆಗಿನ್ನೂ ಸಮೀಕರಣಗಳಲ್ಲಷ್ಟೇ ಇತ್ತು. ಸಣ್ಣ ಅಲುಗಾಟಕ್ಕೇ ಅದು ಕದಡಿಹೋಗುವಂಥದ್ದಾದರೆ ನಿಸರ್ಗದಲ್ಲಿ ಉಳಿಯುವುದುಂಟೇ? ವಿಶ್ವೇಶ್ವರ ಲೆಕ್ಕ ಹಾಕಿ ತೋರಿಸಿದರು: ತನ್ನ ಸುತ್ತ ತಿರುಗದ ಕಪ್ಪುಕುಳಿಯನ್ನು ಕೊಂಚ ಅಲುಗಿಸಿದರೂ ಅದು ಹಾಳಾಗದು.

1970ರ ಕೆಲಸ ಇನ್ನೂ ದೊಡ್ಡದು. ಅವರು ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪುಕುಳಿಯತ್ತ ಗುರುತ್ವದ ಅಲೆಗಳನ್ನು, ಅಂದರೆ ದೇಶ-ಕಾಲದ್ದೇ ಅಲುಗಾಟವನ್ನು, ಹಾಯಿಸಿದರು. ಅಗಲವಾದ ಅಲೆ ಕಳಿಸಿದಾಗ ವಿಶೇಷವೇನೂ ಕಾಣಲಿಲ್ಲ. ಕಿರಿದಾಗಿಸುತ್ತ ಹೋಗಿ, ಅಲೆ ಕಪ್ಪುಕುಳಿಯ ಗಾತ್ರಕ್ಕೆ ಸಮೀಪಿಸಿದಾಗ, ಮರಳಿದ ಅಲೆಯ ಹಿಂದೆ ಬೇಗ ಅಡಗುವ ಕಂಪನವೊಂದು ಬಂತು. ಆ ಕಂಪನದ ಶ್ರುತಿ ಕಳಿಸಿದ ಅಲೆಯದ್ದಲ್ಲ, ಕಪ್ಪುಕುಳಿಯದೇ!

ಯಾವ ಊರಿನ ಗುಡಿಯಲ್ಲಾದರೂ ಗಂಟೆ ಬಾರಿಸಿ ನೋಡಿ. ಯಾರು ಹೊಡೆದರೂ ನಾದ ಆ ಗಂಟೆಯದೇ. ಚಿಕ್ಕದು ಕಿಣಿಕಿಣಿ ಎಂದು ಬೇಗ ನಿಲ್ಲುತ್ತದೆ, ದೊಡ್ಡದು ಗಂಭೀರವಾಗಿ ಮೊಳಗುತ್ತದೆ. ಕಪ್ಪುಕುಳಿಯೂ ಹಾಗೆಯೇ. ತನ್ನ ಸುತ್ತ ತಿರುಗದ, ಸೂರ್ಯನ 10 ಪಟ್ಟು ತೂಕದ್ದು ಸೆಕೆಂಡಿಗೆ ಸುಮಾರು 1,200 ಸಲ ಕಂಪಿಸಿದರೆ, 100 ಪಟ್ಟಿನದ್ದು 120 ಸಲ. ಕಾಣದ್ದನ್ನು ಕೇಳಿಯೇ ತೂಗುವ ದಾರಿ ಹೀಗೆ ತೆರೆಯಿತು.

ತಾಯ್ನಾಡಿಗೆ ಮರಳಿದ ವಿಶ್ವೇಶ್ವರ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಭಾರತೀಯ ಖಭೌತ ಸಂಸ್ಥೆಯಲ್ಲೂ ದುಡಿದರು. 1989ರಲ್ಲಿ ಶುರುವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಶಾಲೆಯ ಮಕ್ಕಳಿಗೆ ಆಕಾಶ ತೋರಿಸಿದ ಆ ಕೆಲಸ ನನಗೆ ಅವರ ಸಂಶೋಧನೆಯಷ್ಟೇ ದೊಡ್ಡದು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾದಾಗ ಎದ್ದ ಗುರುತ್ವದ ಅಲೆಯನ್ನು ಹಿಡಿದವು. ಹೊಸದಾಗಿ ಹುಟ್ಟಿದ್ದರ ತೂಕ ಸುಮಾರು 62 ಸೂರ್ಯರದ್ದು. ಅಲೆಯ ತುದಿಯಲ್ಲಿ ಸೆಕೆಂಡಿಗೆ 250ರ ಆಸುಪಾಸಿನ ಕಂಪನ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿತ್ತು. ತಾವು 45 ವರ್ಷ ಹಿಂದೆ ಹೇಳಿದ್ದನ್ನು ವಿಶ್ವೇಶ್ವರ ಕಣ್ಣಾರೆ ಕಂಡರು. 2017ರ ಜನವರಿಯಲ್ಲಿ ತೀರಿಕೊಂಡರು.

2025ರ ಜನವರಿಯಲ್ಲಿ ಸಿಕ್ಕ ಇನ್ನೂ ಸ್ಪಷ್ಟವಾದ ಅಲೆಯಲ್ಲಿ ಒಂದಲ್ಲ, ಒಂದಕ್ಕಿಂತ ಹೆಚ್ಚು ಸ್ವರಗಳು ಪತ್ತೆಯಾಗಿವೆ. ಕಪ್ಪುಕುಳಿಗೆ ತೂಕ ಮತ್ತು ತಿರುಗುವಿಕೆ ಬಿಟ್ಟರೆ ಬೇರೆ ಗುರುತಿದೆಯೇ ಎಂದು ವಿಜ್ಞಾನಿಗಳು ಈಗ ಆ ಸ್ವರಗಳನ್ನು ತಾಳೆ ನೋಡುತ್ತಿದ್ದಾರೆ.