ಮನೆಯೇ ಕಚೇರಿಯಾದಾಗ

ಮನೆಯಿಂದ ಕೆಲಸ ಮಾಡುವುದನ್ನು ಜರ್ಮನಿಯಲ್ಲಿ ‘ಹೋಮ್‌ಆಫೀಸ್’ ಎನ್ನುತ್ತಾರೆ. 2021ರ ಜನವರಿ 27ರಂದು ಜಾರಿಗೆ ಬಂದ ಕೊರೊನಾ ನಿಯಮದ ಪ್ರಕಾರ, ಸಾಧ್ಯವಿರುವ ಕಡೆ ಉದ್ಯೋಗಿಗಳಿಗೆ ಈ ಅವಕಾಶ ಕೊಡುವುದು ಸಂಸ್ಥೆಗಳಿಗೆ ಕಡ್ಡಾಯವಾಗಿತ್ತು. ಆ ನಿಯಮ ಈಗಿಲ್ಲ. ಮನೆಯಿಂದ ದುಡಿಯುವುದು ಇಲ್ಲಿ ಎಲ್ಲರಿಗೂ ಇರುವ ಕಾನೂನಿನ ಹಕ್ಕೂ ಅಲ್ಲ. ಆದರೂ ಐ.ಟಿ. ಕೆಲಸದಲ್ಲಿರುವ ನಮ್ಮ ಅನೇಕರ ಮನೆಯಲ್ಲಿ ಊಟದ ಮೇಜೇ ವಾರಕ್ಕೆ ಕೆಲವು ದಿನ ಕಚೇರಿ. ಇದರಿಂದ ನಮ್ಮ ನೆಮ್ಮದಿಗೆ ಆಗುವುದೇನು?

ಮೊದಲು ಲಾಭ. ರೈಲಿಗೆ ಓಡುವುದು ತಪ್ಪುತ್ತದೆ, ಮಗುವನ್ನು ಕಿಟಾದಿಂದ ಹೊತ್ತಿಗೆ ಸರಿಯಾಗಿ ಕರೆತರಬಹುದು, ಮಧ್ಯಾಹ್ನ ಬಿಸಿ ಅನ್ನ–ಸಾರು ಉಣ್ಣಬಹುದು. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಸಂಸ್ಥೆಯ 1,612 ನೌಕರರ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಗಮನಿಸಿ, ಅದು ಎರಡು ದಿನದ ಲೆಕ್ಕ, ಐದು ದಿನದ್ದಲ್ಲ.

ತೊಂದರೆ ಶುರುವಾಗುವುದು ಕೆಲಸಕ್ಕೆ ಕೊನೆ ಇಲ್ಲದಾಗ. ಬೆಂಗಳೂರಿನ ತಂಡದ ಒಂಬತ್ತೂವರೆಯ ಮೀಟಿಂಗ್ ಎಂದರೆ ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಆರು, ಚಳಿಗಾಲದಲ್ಲಿ ಐದು ಗಂಟೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ಮತ್ತೆ ತೆರೆಯುತ್ತದೆ. ಜರ್ಮನಿಯ ಕೆಲಸದ ವೇಳೆಯ ಕಾನೂನು ಬಹುಪಾಲು ನೌಕರರಿಗೆ ಮನೆಯಲ್ಲೂ ಅನ್ವಯಿಸುತ್ತದೆ: ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 11 ಗಂಟೆ ಬಿಡುವು ಇರಬೇಕು. ರಾತ್ರಿ ಹತ್ತಕ್ಕೆ ಕೊನೆಯ ಮೇಲ್ ಬರೆದವರು ಬೆಳಿಗ್ಗೆ ಒಂಬತ್ತರ ಮೊದಲು ಕೆಲಸ ಶುರುಮಾಡುವಂತಿಲ್ಲ. ಆರು ಗಂಟೆ ಮೀರಿ ದುಡಿದರೆ 30 ನಿಮಿಷದ ವಿರಾಮವೂ ಕಡ್ಡಾಯ.

ಮನೆಯನ್ನೂ ಕೆಲಸದ ಜಾಗವೆಂದು ಇಲ್ಲಿನ ವ್ಯವಸ್ಥೆ ಒಪ್ಪಿದೆ. ಮಲಗುವ ಕೋಣೆಯಿಂದ ಕೆಳಗಿನ ಕೆಲಸದ ಕೋಣೆಗೆ ಇಳಿಯುವಾಗ ಮೆಟ್ಟಿಲಲ್ಲಿ ಬಿದ್ದವರೊಬ್ಬರಿಗೆ ಅಪಘಾತ ವಿಮೆ ಸಲ್ಲುತ್ತದೆಂದು ಒಕ್ಕೂಟದ ಸಾಮಾಜಿಕ ನ್ಯಾಯಾಲಯ 2021ರ ಡಿಸೆಂಬರ್ 8ರಂದು ತೀರ್ಪಿತ್ತಿತು. 2023ರಿಂದ ತೆರಿಗೆ ಲೆಕ್ಕದಲ್ಲಿ ದಿನಕ್ಕೆ 6 ಯೂರೋ, ವರ್ಷಕ್ಕೆ ಗರಿಷ್ಠ 1,260 ಯೂರೋ ವೃತ್ತಿ ಖರ್ಚೆಂದು ತೋರಿಸಬಹುದು. ಪ್ರತ್ಯೇಕ ಕೋಣೆ ಬೇಕಿಲ್ಲ.

ಆದರೆ ಒಂಟಿತನಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ. ಊರಿನಿಂದ ಹೊಸದಾಗಿ ಬಂದವರಿಗೆ ಜರ್ಮನ್ ಭಾಷೆ ಕಿವಿಗೆ ಬೀಳುವುದು, ಗೆಳೆಯರು ಸಿಗುವುದು ಬಹುಪಾಲು ಕಚೇರಿಯ ಕಾಫಿ ಯಂತ್ರದ ಬಳಿಯಲ್ಲೇ. ಡಿಸೆಂಬರ್‌ನಲ್ಲಿ ಎಂಟರ ಸುಮಾರಿಗೆ ಹುಟ್ಟಿ ನಾಲ್ಕೂವರೆಗೆಲ್ಲ ಮುಳುಗುವ ಸೂರ್ಯನನ್ನು ಕಾಣದೆಯೇ ದಿನ ಮುಗಿಯಬಹುದು. “ಅಪ್ಪ ಕಾಲ್‌ನಲ್ಲಿದ್ದಾರೆ, ಗಲಾಟೆ ಮಾಡಬೇಡ” ಎಂದು ದಿನವಿಡೀ ಮಗುವನ್ನು ಸುಮ್ಮನಿರಿಸುವವರ ಆಯಾಸವೂ ಇದರಲ್ಲಿ ಸೇರಿದೆ.

ಹಾಗಾಗಿ ಹೊಸಬರು ವಾರಕ್ಕೆ ಎರಡು ದಿನವಾದರೂ ಕಚೇರಿಗೆ ಹೋಗುವುದು ಒಳ್ಳೆಯದು. ಮನೆಯಲ್ಲಿರುವ ದಿನ ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆ ನಡೆಯಿರಿ; ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಡಿ. ಹಳಬರಾದ ನಾವು, ಪಕ್ಕದ ಊರಿಗೆ ಬಂದ ಹೊಸ ಕುಟುಂಬವನ್ನು ಯುಗಾದಿ, ದೀಪಾವಳಿಗಾಗಿ ಕಾಯದೆ ಈ ಭಾನುವಾರವೇ ಊಟಕ್ಕೆ ಕರೆಯೋಣ.