ರೇಡಿಯೊ ಕೇಂದ್ರದ ಅಕ್ಷರನಾಮ

ಅಮೆರಿಕದ ರೇಡಿಯೊ ಕೇಂದ್ರಗಳ ಕರೆಸಂಕೇತ ಸಾಮಾನ್ಯವಾಗಿ ಮಿಸಿಸಿಪಿ ನದಿಯ ಪೂರ್ವಕ್ಕೆ ‘ಡಬ್ಲ್ಯು’, ಪಶ್ಚಿಮಕ್ಕೆ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. 1920ರಲ್ಲಿ ಪ್ರಸಾರ ಆರಂಭಿಸಿದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಪೂರ್ವದಲ್ಲಿದ್ದೂ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಉಳಿದ ಅಕ್ಷರಗಳನ್ನು ಕೇಂದ್ರವೇ ಆರಿಸಿ ಫೆಡರಲ್ ಸಂವಹನ ಆಯೋಗಕ್ಕೆ ಅರ್ಜಿ ಹಾಕುತ್ತದೆ. ಬೇರೆಯವರ ಬಳಿ ಇಲ್ಲದಿದ್ದರೆ ಸಿಗುತ್ತದೆ. ಶಿಕಾಗೊದ ಡಬ್ಲ್ಯುಜಿಎನ್, ‘ಜಗತ್ತಿನ ಅತಿಶ್ರೇಷ್ಠ ಪತ್ರಿಕೆ’ ಎಂಬ ಟ್ರಿಬ್ಯೂನ್ ಪತ್ರಿಕೆಯ ಘೋಷಣೆಯ ಇಂಗ್ಲಿಷ್ ಮೊದಲಕ್ಷರಗಳು.

ಮಾಲೀಕರು ಬದಲಾದಾಗ ಹೆಸರೂ ಬದಲಾಗುವುದುಂಟು. ನ್ಯೂಯಾರ್ಕಿನ ಕ್ರೀಡಾ ಕೇಂದ್ರ ಡಬ್ಲ್ಯುಎಫ್‌ಎಎನ್ 1988ರಲ್ಲಿ 1050 ಕಿಲೊಹರ್ಟ್ಸ್‌ನಿಂದ, ತನ್ನ ಮಾಲೀಕರು ಕೊಂಡ 660ಕ್ಕೆ ಬಂದಾಗ, ಅಲ್ಲಿ ದಶಕಗಳಿಂದ ಕೇಳಿಬರುತ್ತಿದ್ದ ಡಬ್ಲ್ಯುಎನ್‌ಬಿಸಿ ಮೌನವಾಯಿತು. ಕೇಳುಗರಿಗೆ ಅದು ಸಣ್ಣ ಅಗಲಿಕೆಯಲ್ಲ. ಹೀಗೆ ತೆರವಾದ ಅಕ್ಷರಗಳನ್ನು ಬೇರೊಂದು ಕೇಂದ್ರ ಕೇಳಿ ಪಡೆಯಬಹುದು. ಒಂದೇ ಹೆಸರನ್ನು ಎಫ್‌ಎಂ ಕೇಂದ್ರವೂ ಹಂಚಿಕೊಳ್ಳಬೇಕಾದರೆ ಮೊದಲು ಪಡೆದವರ ಒಪ್ಪಿಗೆ ಬೇಕು; ಕೊನೆಗೆ ‘ಎಫ್‌ಎಂ’ ಸೇರುತ್ತದೆ.