ರಾಮನ್ ಹೊಡೆದ ಗೋಲು

ವಿಜಾಪುರ ರಸ್ತೆಯ ಎರಡೂ ತುದಿಗಳು ಒಂದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ದಿನಗಳವು. ಪ್ರಾಂತ್ಯದ ರಾಜಧಾನಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಕಾಲ್ಚೆಂಡಿನ ಪಂದ್ಯಾವಳಿಯನ್ನು ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಮೊದಲು ಗೆದ್ದ ಭಾರತೀಯ ತಂಡ, ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ, ಮುಂದೆ 1948ರಲ್ಲಿಯೂ ಕಪ್ ಅದೇ ತಂಡದ ಪಾಲಾಯಿತು.

ಆ 1948ರಲ್ಲಿಯೇ ಬೆಂಗಳೂರಿನ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ಮೊದಲಾದವರು ಲಂಡನ್ ಒಲಿಂಪಿಕ್ಸಿಗೆ ಹೋದರು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಇದನ್ನು ಕೇವಲ ಬಡತನದ ಗುರುತೆಂದು ಬಗೆಯುವುದು ಅರ್ಧಸತ್ಯ. ಒಣನೆಲದಲ್ಲಿ ಆಡಿ ಬೆಳೆದವರಿಗೆ ಬರಿಗಾಲೇ ಚೆಂಡಿನ ಮೇಲೆ ಹಿಡಿತ ಕೊಡುತ್ತಿತ್ತು. ಒದ್ದೆ ಹುಲ್ಲಿನ ಮೇಲೆ ಮಾತ್ರ ಅದು ಜಾರುತ್ತದೆ. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ಎದುರು 10–1ರ ಸೋಲುಂಡ ಬಳಿಕವೇ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ಲಂಡನ್ನಿನಲ್ಲಿ ಜುಲೈ 31ರಂದು ಭಾರತವು ಫ್ರಾನ್ಸಿಗೆ 2–1ರಿಂದ ಸೋತಿತು. ವ್ಯರ್ಥವಾದ ಎರಡು ಪೆನಾಲ್ಟಿಗಳ ಮಾತನ್ನು ಕ್ರೀಡಾಪ್ರಿಯರು ಈಗಲೂ ಎತ್ತುತ್ತಾರೆ. ಪಂದ್ಯ ಮುಗಿಯಲು ಇಪ್ಪತ್ತು ನಿಮಿಷಗಳಷ್ಟೇ ಉಳಿದಿದ್ದಾಗ ರಾಮನ್ ಸಮಬಲ ತಂದದ್ದನ್ನು ನೆನೆಯುವವರು ವಿರಳ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ದೊರೆತ ಮೊದಲ ಗೋಲು ಅದು, ಹೊಡೆದವನು ಬೆಂಗಳೂರಿನವನು.